ಕತ್ತರಿಗೆ ಮೊದಲು ಕುಂಚ

ಕೆಲವು ವರ್ಷಗಳಿಂದ ನಮ್ಮ ಹೊರನಾಡ ಸಂಘಗಳ ರಾಜ್ಯೋತ್ಸವ ಪ್ರದರ್ಶನಗಳಲ್ಲಿ ಒಂದು ಹೊಸ ಬಗೆಯ ಚಿತ್ರ ಗೋಡೆ ಹಿಡಿದು ಕೂತಿದೆ. ಬಣ್ಣದ ಕಾಗದ, ಹಳೆಯ ಪತ್ರಿಕೆಯ ತುಂಡು, ಇಳಕಲ್ ಸೀರೆಯ ಅಂಚು, ಒಣಗಿದ ಎಲೆ, ಅಲ್ಲೊಂದು ಇಲ್ಲೊಂದು ಗುಂಡಿ. ಇವುಗಳ ನಡುವೆ ಕನ್ನಡದ ಅಕ್ಷರಗಳು. ಕೆಲವು ಕುಂಚದಿಂದ ಬರೆದವು, ಹೆಚ್ಚಿನವು ಕತ್ತರಿಸಿ ಅಂಟಿಸಿದವು. ಕೆಳಗೊಂದು ಚೀಟಿ: ‘ಮಿಶ್ರ ಮಾಧ್ಯಮ, ಕ್ಯಾಲಿಗ್ರಫಿ ಕೊಲಾಜ್.’ ನೋಡಲು ಅಂದವಾಗಿಯೇ ಇರುತ್ತವೆ. ಬಹುಮಾನವೂ ಇವಕ್ಕೇ ಸಲ್ಲುತ್ತದೆ. ಆದರೆ ಬಹುಮಾನ ಪಡೆದ ಮಗುವನ್ನು ಹತ್ತಿರ ಕರೆದು “ಇಲ್ಲಿ ಏನು ಬರೆದಿದೆ, ಓದು ಮರಿ” ಎಂದರೆ ಮಗು ಅಮ್ಮನ ಮುಖ ನೋಡುತ್ತದೆ. ಅಮ್ಮ ಅಜ್ಜಿಯ ಮುಖ ನೋಡುತ್ತಾಳೆ.

ಈ ಚಿತ್ರಗಳ ವಿಷಯದಲ್ಲಿ ನಮ್ಮೊಳಗೆ ಎರಡು ಪಕ್ಷಗಳಾಗಿವೆ. ಅಕ್ಷರವನ್ನು ಕತ್ತರಿಸಿ ಗೋಂದು ಬಳಿಯುವುದು ಸರಸ್ವತಿಗೆ ಅಪಚಾರ, ಇದನ್ನು ನಿಲ್ಲಿಸಬೇಕು ಎನ್ನುವ ಹಿರಿಯರು ಒಂದು ಕಡೆ. ಚಿತ್ರದಲ್ಲಿ ಅಕ್ಷರವೂ ಒಂದು ಆಕಾರ, ಎಲೆಯ ಹಾಗೆ, ಗುಂಡಿಯ ಹಾಗೆ. ಅದನ್ನು ಓದುವ ಗೋಜು ಏಕೆ ಎನ್ನುವ ಕಲಾಪ್ರೇಮಿಗಳು ಇನ್ನೊಂದು ಕಡೆ. ಈ ಎರಡು ಮಾತುಗಳೂ ನಮಗೆ ಒಪ್ಪಿಗೆಯಿಲ್ಲ. ಕುಂಚದ ಬರಹವೂ ಕೊಲಾಜೂ ಕೂಡಿದ ಈ ಕಲೆ ನಮ್ಮ ಮಕ್ಕಳಿಗೆ ಬೇಕು, ಖಂಡಿತ ಬೇಕು. ಆದರೆ ಈಗ ನಡೆಯುತ್ತಿರುವ ರೀತಿಯಲ್ಲಿ ಅದು ಬೇಡ. ಮೊದಲು ಮಗು ಬರೆಯಬೇಕು, ಬರೆದದ್ದನ್ನು ಓದಬೇಕು, ಆಮೇಲೆ ಹರಿಯಲಿ, ಅಂಟಿಸಲಿ, ಮನಬಂದ ಹಾಗೆ ಆಡಲಿ.

ಮೊದಲು ಹಿರಿಯರಿಗೆ ಎರಡು ಮಾತು. ಕಾಗದಕ್ಕೆ ಕಾಲು ತಗಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಸಂಸ್ಕಾರ ನಮ್ಮದೂ ಹೌದು. ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಅದೇ ಮನೆಗಳಲ್ಲಿ ಅಜ್ಜ ತೀರಿಕೊಂಡ ಮೇಲೆ ಅವರ ಕಪಾಟಿನ ಕನ್ನಡ ಪುಸ್ತಕಗಳು ಎಲ್ಲಿಗೆ ಹೋಗುತ್ತವೆ? ರದ್ದಿಯವನ ತಕ್ಕಡಿಗೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಜಾಗವಿಲ್ಲ ಎಂಬ ಕಾರಣ ಸುಳ್ಳೇನೂ ಅಲ್ಲ. ಹಾಗೆ ಕಿಲೋ ಲೆಕ್ಕದಲ್ಲಿ ಹೋಗುವ ಕಾಗದದಿಂದ ಒಂದು ಹಾಳೆಯನ್ನು ಮಗು ಉಳಿಸಿಕೊಂಡು ಚಿತ್ರ ಮಾಡಿದರೆ ಅಪಚಾರವಾಯಿತೆ? ತೂಕಕ್ಕೆ ಹಾಕುವಾಗ ಬಾರದ ಸರಸ್ವತಿಯ ನೆನಪು ಮಗುವಿನ ಕೈಯಲ್ಲಿ ಕತ್ತರಿ ಕಂಡಾಗ ಮಾತ್ರ ಬರುವುದು ನಮಗೆ ಸೋಜಿಗ.

ಅಕ್ಷರವನ್ನು ದೇವರಂತೆ ಕಾಣುವ ಜನ ನಾವು ಮಾತ್ರವೇ ಅಲ್ಲ. ಕುಂಚದ ಬರಹವನ್ನು ಸಾಧನೆಯ ಮಟ್ಟಕ್ಕೆ ಏರಿಸಿದ ಜಪಾನಿನಲ್ಲಿ ಸುಮಾರು 1112ರಲ್ಲಿ ಒಂದು ಗ್ರಂಥ ಸಿದ್ಧವಾಯಿತು. ಮೂವತ್ತಾರು ಕವಿಗಳ ಕವಿತೆಗಳ ಆ ಸಂಗ್ರಹ ಕ್ಯೋಟೋ ನಗರದ ನಿಶಿ ಹೊಂಗಾನ್‌ಜಿ ದೇವಾಲಯದ ಸೊತ್ತು. ಅದರ ಪುಟಗಳು ಇಡಿಯ ಹಾಳೆಗಳಲ್ಲ. ಬೇರೆ ಬೇರೆ ಬಣ್ಣದ ಕಾಗದಗಳನ್ನು ಕೆಲವು ಕಡೆ ನೇರವಾಗಿ ಕತ್ತರಿಸಿ, ಕೆಲವು ಕಡೆ ಬೇಕೆಂದೇ ಅಂಕುಡೊಂಕಾಗಿ ಹರಿದು, ಕೆಲವು ಕಡೆ ಒಂದರ ಮೇಲೊಂದು ಮೆಟ್ಟಿಲಿನಂತೆ ಜೋಡಿಸಿ ಅಂಟಿಸಿದ್ದಾರೆ. ಮೇಲೆ ಬೆಳ್ಳಿ ಬಂಗಾರದ ಚೂರುಗಳು. ಆ ಬೆಸುಗೆಗಳ ಮೇಲೆ, ಅಂಚಿನಿಂದ ಅಂಚಿಗೆ ದಾಟುತ್ತ, ಕುಂಚದ ಸಾಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಪ್ಯಾರಿಸಿನವರು ಕೊಲಾಜ್ ಎಂಬ ಹೆಸರನ್ನು ಕಂಡುಹಿಡಿಯುವುದಕ್ಕೆ ಎಂಟುನೂರು ವರ್ಷ ಮೊದಲಿನ ಮಾತು ಇದು. ಇನ್ನೂ ಒಂದು ಸಂಗತಿ ಹೇಳಿದರೆ ನಮ್ಮ ಹಿರಿಯರು ಹೌಹಾರಿಯಾರು. 1929ರಲ್ಲಿ ಈ ಗ್ರಂಥದ ಎರಡು ಸಂಪುಟಗಳನ್ನು ಬಿಚ್ಚಿ ಹಾಳೆ ಹಾಳೆಯಾಗಿ ಮಾರಿದರು. ಏಕೆ? ಹೆಣ್ಣುಮಕ್ಕಳ ಕಾಲೇಜಿಗೆ ಹಣ ಬೇಕಿತ್ತು. ಸರಸ್ವತಿ ಇದಕ್ಕೆ ಸಿಟ್ಟಾಗಿರಲಾರಳು ಎಂದು ನಮ್ಮ ಎಣಿಕೆ.

ಆದುದರಿಂದ ಹರಿಯುವುದೂ ಅಂಟಿಸುವುದೂ ಅಕ್ಷರದ ಶತ್ರುಗಳಲ್ಲ. ಆ ಗ್ರಂಥದಲ್ಲಿ ಹರಿದ ಕಾಗದದ ಮೇಲೆ ಬರೆದ ಕವಿತೆ ಕವಿತೆಯಾಗಿಯೇ ಓದಬರುತ್ತಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಇಲ್ಲಿಂದ ನಮ್ಮ ಜಗಳ ಎರಡನೆಯ ಪಕ್ಷದವರೊಡನೆ.

ಅವರು ಪಿಕಾಸೋನ ಹೆಸರು ಹೇಳುತ್ತಾರೆ. ಹೇಳಲಿ. ಪಿಕಾಸೋ 1912ರಲ್ಲಿ ಒಂದು ಚಿತ್ರಕ್ಕೆ ಬೆತ್ತದ ಹೆಣಿಗೆಯನ್ನು ಅಚ್ಚು ಹಾಕಿದ ಎಣ್ಣೆಬಟ್ಟೆಯನ್ನು ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಕಟ್ಟಿದ. ಅದೇ ಚಿತ್ರದಲ್ಲಿ ‘ಜೂರ್ನಾಲ್’, ಅಂದರೆ ದಿನಪತ್ರಿಕೆ, ಎಂಬ ಫ್ರೆಂಚ್ ಮಾತಿನ ಮೊದಲ ಮೂರು ಅಕ್ಷರಗಳನ್ನು ಮಾತ್ರ ಬರೆದ. ಆ ತುಂಡು ಓದುವ ಫ್ರೆಂಚರಿಗೆ ಇನ್ನೊಂದು ಮಾತೂ ಹೊಳೆಯುತ್ತದೆ: ‘ಜುವೆ’, ಆಟವಾಡು. ಅದೇ ವರ್ಷ ಬಣ್ಣದ ಕಾಗದವನ್ನು ಅಂಟಿಸಲು ಹೊರಟ ಅವನ ಗೆಳೆಯ ಬ್ರಾಕ್ ಕಸುಬಿನಿಂದ ಮನೆಗೆ ಬಣ್ಣ ಬಳಿಯುವವನ ಮಗ. ತಾನೂ ಅದೇ ಕಸುಬು ಕಲಿತವನು. ಚಿತ್ರದಲ್ಲಿ ಅಂಗಡಿ ಬೋರ್ಡಿನಂಥ ಅಚ್ಚಿನ ಅಕ್ಷರಗಳನ್ನು ಒಂದು ವರ್ಷ ಮೊದಲೇ ತಂದವನು ಅವನು. ಜರ್ಮನಿಯ ಕುರ್ಟ್ ಶ್ವಿಟರ್ಸ್ ‘ಕೊಮೆರ್ಜ್’, ವಾಣಿಜ್ಯ, ಎಂಬ ಮಾತಿನ ಬಾಲ ಕತ್ತರಿಸಿ ‘ಮೆರ್ಜ್’ ಎಂದು 1919ರಲ್ಲಿ ತನ್ನ ಕಲೆಗೇ ಹೆಸರಿಟ್ಟ. ಇವರೆಲ್ಲ ಅಕ್ಷರವನ್ನು ತುಂಡರಿಸಿದ್ದು ನಿಜ. ಆದರೆ ಇಡಿಯ ಮಾತು ಗೊತ್ತಿದ್ದವನು ತುಂಡರಿಸಿದ, ಇಡಿಯ ಮಾತು ಗೊತ್ತಿದ್ದವರು ಅದನ್ನು ನೋಡಿದರು. ಆಟದ ರುಚಿ ಹುಟ್ಟಿದ್ದು ಅಲ್ಲಿ.

ನಮ್ಮದೇ ಒಂದು ಉದಾಹರಣೆ ಕೊಡೋಣ. ‘ಕನ್ನಡ’ ಎಂದು ದಪ್ಪ ಕುಂಚದಲ್ಲಿ ಬರೆಯಿರಿ. ಕೊನೆಯ ಅಕ್ಷರವನ್ನು ಹರಿದು ತೆಗೆಯಿರಿ. ಉಳಿಯುವುದು ‘ಕನ್ನ’, ಕಳ್ಳ ಗೋಡೆಗೆ ಕೊರೆಯುವುದು. ಹರಿದ ತುಂಡನ್ನು ಮತ್ತೆ ಅಂಟಿಸಿ ಡಕಾರಕ್ಕೆ ಗುಡಿಸು ಕೊಡಿ. ‘ಕನ್ನಡಿ’ ಆಯಿತು. ಇಷ್ಟೇ ಒಂದು ಚಿತ್ರಕ್ಕೆ ಸಾಕಲ್ಲವೆ? ಹೊರನಾಡಿನಲ್ಲಿ ಬೆಳೆದ ಹದಿನಾಲ್ಕರ ಹುಡುಗಿ ಈ ಮೂರನ್ನು ಮೂರು ಕಾಗದದಲ್ಲಿ ಬರೆದು, ನಡುವೆ ಲೋಕಲ್ ಟ್ರೇನಿನ ಪಾಸು, ಅಜ್ಜಿಯ ಇನ್‌ಲ್ಯಾಂಡ್ ಪತ್ರದ ನಕಲು ಇಟ್ಟು ಅಂಟಿಸಿದರೆ ಅದರ ಮುಂದೆ ನಾವು ಹತ್ತು ನಿಮಿಷ ನಿಂತೇವು. ಆದರೆ ಓದಲು ಬಾರದ ಕೈ ಈ ಮೂರು ಅಕ್ಷರಗಳನ್ನು ಯಾವ ಕ್ರಮದಲ್ಲಿ ಅಂಟಿಸಿದರೂ ಅದಕ್ಕೆ ಒಂದೇ. ಕನ್ನವೂ ಕಾಣದು, ಕನ್ನಡಿಯೂ ಕಾಣದು.

ಆಗ ನಮ್ಮ ಕಲಾಪ್ರೇಮಿಗಳು ಕೆ. ಸಿ. ಎಸ್. ಪಣಿಕ್ಕರ್ ಅವರನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಇದು ತೂಕವುಳ್ಳ ವಾದ, ನಾವು ಜಾರಿಕೊಳ್ಳುವುದಿಲ್ಲ. ಮದರಾಸಿನ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದ ಪಣಿಕ್ಕರ್ 1963ರಿಂದ ‘ಪದಗಳು ಮತ್ತು ಸಂಕೇತಗಳು’ ಎಂಬ ಮಾಲೆಯನ್ನು ಬರೆದರು. ಅದರಲ್ಲಿ ಮಲಯಾಳದಂತೆ ಕಾಣುವ ಸಾಲುಗಳು, ಜಾತಕದ ಚೌಕಗಳು, ಗಣಿತದ ಚಿಹ್ನೆಗಳು ಕಿಕ್ಕಿರಿದಿವೆ. ಓದಲು ಹೋದರೆ ಅರ್ಥ ಸಿಗುವುದಿಲ್ಲ. ಸಿಗಬಾರದೆಂದೇ ಅವರು ಬರೆದದ್ದು. 1966ರಲ್ಲಿ ಅವರ ಮುಂದಾಳುತನದಲ್ಲಿ ಹುಟ್ಟಿದ ಚೋಳಮಂಡಲ ಕಲಾಗ್ರಾಮ ಚೆನ್ನೈಯ ತೆಂಕಣಕ್ಕೆ ಇಂಜಂಬಾಕ್ಕಮ್‌ನಲ್ಲಿ ಇಂದಿಗೂ ಇದೆ. ಚೆನ್ನೈ ಬಂಧುಗಳು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬರಬಹುದು. ಪಣಿಕ್ಕರ್ ಓದಬಾರದ ಅಕ್ಷರ ಬರೆದರಲ್ಲ, ನಮ್ಮ ಮಕ್ಕಳು ಬರೆದರೇನು ಎಂಬುದು ಪ್ರಶ್ನೆ. ಉತ್ತರ ಸರಳ. ಪಣಿಕ್ಕರ್ ಅವರಿಗೆ ಓದು ಬರುತ್ತಿತ್ತು, ಅವರು ಅದನ್ನು ಬಿಟ್ಟುಕೊಟ್ಟರು. ಉಳ್ಳವನು ಬಿಟ್ಟರೆ ತ್ಯಾಗ. ನಮ್ಮ ಮಕ್ಕಳ ಬಳಿ ಬಿಡಲು ಏನಿದೆ?

ಈ ಕಲೆಯಲ್ಲಿ ಕುಂಚ ಹೆಚ್ಚೋ ಕತ್ತರಿ ಹೆಚ್ಚೋ ಎಂದು ಕೇಳುವವರಿಗೆ ನಾವು ಒಬ್ಬರೇ ಒಬ್ಬರ ಹೆಸರು ಹೇಳುತ್ತೇವೆ: ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ. ಹುಟ್ಟಿನಿಂದಲೇ ದೃಷ್ಟಿ ಮಂದ. ನಂದಲಾಲ್ ಬೋಸರ ಶಿಷ್ಯ. 1937-38ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಕುಂಚದ ಕೆಲಸವನ್ನು ಕಣ್ಣಾರೆ ಕಂಡು ಬಂದವರು. ಅವರ ರೇಖೆಗೆ ಬರಹದ ಗತಿ ಇತ್ತು. ಒಮ್ಮೆ ಇಟ್ಟರೆ ಇಟ್ಟಿತು, ತಿದ್ದುವ ಮಾತಿಲ್ಲ. 1957ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ಇದ್ದ ದೃಷ್ಟಿಯೂ ಹೋಯಿತು. ಆಮೇಲೆ ಅವರು ಬಣ್ಣದ ಕಾಗದಗಳನ್ನು ಕತ್ತರಿಸಿ, ಕೈಯಿಂದ ತಡವಿ, ಅಂಟಿಸಿ ಚಿತ್ರ ಮಾಡಿದರು. ಆ ಕಾಗದದ ಅಂಚುಗಳಲ್ಲಿ ಹಳೆಯ ಕುಂಚದ ಓಟವೇ ಇದೆ. ಕಣ್ಣಿಲ್ಲದೆಯೂ ಕತ್ತರಿ ಸರಿಯಾಗಿ ಹೋಯಿತು, ಏಕೆಂದರೆ ಕೈ ಮೂವತ್ತು ವರ್ಷ ಬರೆದಿತ್ತು. ಸತ್ಯಜಿತ್ ರಾಯ್ 1972ರಲ್ಲಿ ತಮ್ಮ ಈ ಗುರುವಿನ ಬಗ್ಗೆ ‘ದಿ ಇನ್ನರ್ ಐ’ ಎಂಬ ಕಿರುಚಿತ್ರ ತೆಗೆದರು. ಕನ್ನಡ ತರಗತಿಗಳಲ್ಲಿ ಅದನ್ನು ತೋರಿಸುವುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ.

ಕೈ ಬರೆಯಬೇಕು ಎನ್ನುವುದಕ್ಕೆ ನಮ್ಮ ಲಿಪಿಯೇ ಕೊಡುವ ಕಾರಣಗಳು ಬೇರೆ ಇವೆ. ತಲಕಟ್ಟು, ಗುಡಿಸು, ಕೊಂಬು, ಏತ್ವ, ವಟ್ರಸುಳಿ, ಅರ್ಕಾವೊತ್ತು: ಈ ಹೆಸರುಗಳನ್ನು ಕೇಳಿದರೇ ಕೈ ತಿರುಗುವ ಬಗೆ ತಿಳಿಯುತ್ತದೆ. ಪಕಾರಕ್ಕೂ ವಕಾರಕ್ಕೂ ಇರುವ ಅಂತರ ಒಂದು ಸಣ್ಣ ಬಿರುಕು. ಹೊಟ್ಟೆ ಸೀಳಿದ ಷ ಬೇರೆ. ಕತ್ತರಿಸಿ ಅಂಟಿಸುವ ಮಗುವಿಗೆ ಇವೆಲ್ಲ ಒಂದೇ ಬಗೆಯ ದುಂಡು. ಚಪ್ಪಟೆ ಕುಂಚ ಹಿಡಿದು ಪ, ವ, ಷ ಮೂರನ್ನೂ ಹತ್ತು ಹತ್ತು ಸಲ ಬರೆದ ಮಗು ಮತ್ತೆ ಜನ್ಮದಲ್ಲಿ ಮರೆಯದು. ‘ಸ್ತ್ರೀ’ ಎಂದು ಬರೆಯಲು ಹೇಳಿ ನೋಡಿ. ಸಕಾರದ ಕೆಳಗೆ ತಕಾರ, ಅದರ ಪಕ್ಕಕ್ಕೆ ರಕಾರದ ಒತ್ತು, ಮೇಲೆ ಗುಡಿಸು, ಮುಂದೆ ದೀರ್ಘ. ಕೆಳಗೆ ಎಷ್ಟು ಜಾಗ ಬಿಡಬೇಕು ಎಂದು ಮೊದಲೇ ಯೋಚಿಸದಿದ್ದರೆ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಕನ್ನಡದ ಸಾಲಿಗೆ ಮೇಲೊಂದು ಮಾಳಿಗೆ, ಕೆಳಗೊಂದು ನೆಲಮಾಳಿಗೆ ಇದೆ ಎಂದು ಕೈಗೆ ಗೊತ್ತಾಗುವುದು ಹೀಗೆ.

ಕಂಪ್ಯೂಟರಿನಿಂದ ಇಳಿಸಿಕೊಂಡ ಅಕ್ಷರವನ್ನು ಮುದ್ರಿಸಿ ಅಂಟಿಸಿದರೆ ಸಾಲದೆ ಎನ್ನುವವರಿದ್ದಾರೆ. ಅಕ್ಷರ ಜೋಡಿಸಲು ಬಾರದ ತಂತ್ರಾಂಶಗಳಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿರುವ ಬ್ಯಾನರುಗಳನ್ನು, ಅಂಗಿಗಳನ್ನು ನಾವೆಲ್ಲ ಕಂಡಿದ್ದೇವೆ. ಓದು ಬಲ್ಲವನು ತಪ್ಪೆಂದು ಹಿಡಿಯುತ್ತಾನೆ. ಬಾರದವನು ಹಾಗೆಯೇ ಕತ್ತರಿಸಿ ಚಿತ್ರಕ್ಕೆ ಅಂಟಿಸುತ್ತಾನೆ. ಮತ್ತೆ, ಒಳ್ಳೆಯ ಕಂಪ್ಯೂಟರ್ ಅಕ್ಷರದ ಹಿಂದೆಯೂ ಕುಂಚ ಹಿಡಿದ ಕೈ ಇರುತ್ತದೆ. ವಿಂಡೋಸ್ ಜತೆ ಮನೆಮನೆಗೆ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರರೂಪವನ್ನು ನಿರ್ದೇಶಿಸಿದವರು ಮುಂಬಯಿಯ ಆರ್. ಕೆ. ಜೋಶಿ. ಪೊವಾಯಿಯ ಐಐಟಿಯಲ್ಲಿ ಅಕ್ಷರಕಲೆ ಕಲಿಸಿದ ಮರಾಠಿ ಭಾಷೆಯ ಕವಿ ಮತ್ತು ಬರಹಗಾರ, 2008ರಲ್ಲಿ ತೀರಿಕೊಂಡರು. ಮಾತೃಭಾಷೆ ಕನ್ನಡವಲ್ಲದ ಒಬ್ಬ ಕಲಾವಿದ ನಮ್ಮ ಅಕ್ಷರದ ತಿರುವುಗಳನ್ನು ಇಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದರೆ, ಅದೇ ಊರಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅದು ಕಷ್ಟ ಎನ್ನುವ ಮಾತು ನಮ್ಮ ಕಿವಿಗೆ ಇಳಿಯದು.

ಕೈಕೆಲಸದ ವಿಷಯಕ್ಕೆ ಬಂದರೆ ಇಲ್ಲಿಯೂ ಅವಸರದ ಕೆಲಸವೇ ಹೆಚ್ಚು. ಸ್ಕೆಚ್ ಪೆನ್ನಿನಲ್ಲಿ ಬರೆದ ಅಕ್ಷರದ ಮೇಲೆ ಫೆವಿಕಾಲ್ ಹಚ್ಚಿದರೆ ಮಸಿ ಹರಡಿ ಗಾಯದಂತೆ ಕಾಣುತ್ತದೆ. ಬಾಟಲಿಯ ಇಂಡಿಯನ್ ಇಂಕ್, ಅದೂ ನೀರಿಗೆ ಕರಗದ ಜಾತಿಯದು, ಒಣಗಿದ ಮೇಲೆ ಅಂಟಿಗೆ ಜಗ್ಗುವುದಿಲ್ಲ. ಜಪಾನಿನವರ ಮಸಿಯೂ ದೀಪದ ಕಾಡಿಗೆಯನ್ನು ಪ್ರಾಣಿಗಳ ಚರ್ಮದಿಂದ ತೆಗೆದ ಸರೇಸಿನಲ್ಲಿ ಕಲಸಿದ್ದು. ಚೆನ್ನಾಗಿ ಒಣಗಿದ ಮೇಲೆ ಬರಹದ ಹಿಂದೆ ಒದ್ದೆ ಗೋಧಿಗಂಜಿ ಬಳಿದು ಇನ್ನೊಂದು ಕಾಗದ ಅಂಟಿಸಿದರೂ ಅಕ್ಷರ ಅಲುಗುವುದಿಲ್ಲ. ವರ್ತಮಾನ ಪತ್ರಿಕೆಯ ಕಾಗದ ಮರದ ತಿರುಳನ್ನು ಅರೆದು ಮಾಡಿದ್ದಾದ್ದರಿಂದ ಬೆಳಕಿಗೆ ಬೇಗ ಹಳದಿಯಾಗುತ್ತದೆ, ಮುರಿಯುತ್ತದೆ. ಹತ್ತು ವರ್ಷ ಉಳಿಯಬೇಕಾದರೆ ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ಒಳ್ಳೆಯದು. ಅಜ್ಜನ ಪತ್ರ, ಹಳೆಯ ಲಗ್ನಪತ್ರಿಕೆ, ಮೊದಲ ಮುದ್ರಣದ ಪುಸ್ತಕ ಇಂಥವುಗಳಿಗೆ ಕತ್ತರಿ ತಾಗಿಸಬೇಡಿ. ಜೆರಾಕ್ಸ್ ತೆಗೆಸಿ ಅದನ್ನು ಕತ್ತರಿಸಿ. ಅದರ ಕಪ್ಪು ಪುಡಿ ಕಾವಿಗೆ ಕರಗಿ ಕೂತದ್ದು, ನೀರಿಗೆ ಹರಡುವುದಿಲ್ಲ. ಮನೆಯ ಇಂಕ್‌ಜೆಟ್ ಮುದ್ರಣ ಸಾಮಾನ್ಯವಾಗಿ ಹರಡುತ್ತದೆ. ಇನ್ನು ಅಂಟಿಸಿದ ಮೇಲೆ ಬರೆಯಬೇಕೋ, ಬರೆದು ಅಂಟಿಸಬೇಕೋ ಎಂಬ ಚರ್ಚೆ. ಎರಡೂ ಆಗಬಹುದು. ಅಂಟಿಸಿದ ಮೇಲೆ ಬರೆದರೆ ಕಾಗದದ ಅಂಚಿನಲ್ಲಿ ಕುಂಚ ತುಸು ಎಡವುತ್ತದೆ. ಆ ಎಡವು ಚೆಲುವೇ. ಹೊರನಾಡಿನಲ್ಲಿ ಕನ್ನಡ ಮಾತಾಡುವಾಗ ನಮ್ಮ ನಾಲಿಗೆಯೂ ಹಾಗೆ ಅಲ್ಲಲ್ಲಿ ಎಡವುವುದುಂಟಷ್ಟೆ.

ಇಷ್ಟು ಜಗಳ ಒಂದು ಮಕ್ಕಳ ಸ್ಪರ್ಧೆಗಾಗಿಯೆ ಎಂದು ಯಾರಾದರೂ ಕೇಳಿಯಾರು. ಮುಂಬಯಿಯಲ್ಲಿ ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದರು. ಹಗಲೆಲ್ಲ ಲೋಟ ತೊಳೆದ ಕೈ ರಾತ್ರಿ ಬಳಪ ಹಿಡಿಯಿತು. ಆ ಹುಡುಗರ ಮೊಮ್ಮಕ್ಕಳು ಇಂದು ಮನೆಯಲ್ಲಿ ಕನ್ನಡ ಆಡುತ್ತಾರೆ; ಮೊಬೈಲಿನಲ್ಲಿ ಅಜ್ಜಿಗೆ ಸಂದೇಶ ಕಳಿಸುವಾಗ ಅದೇ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಶಾಲೆಯಲ್ಲಿ ದೇವನಾಗರಿ ಕಲಿತಿದ್ದಾರೆ, ಚೆನ್ನೈಯವರು ತಮಿಳು ಕಲಿತಿದ್ದಾರೆ. ಹೈದರಾಬಾದಿನ ಮಕ್ಕಳದು ಇನ್ನೂ ವಿಚಿತ್ರ: ತೆಲುಗು ಓದಬಲ್ಲವರಿಗೆ ಕನ್ನಡದ ಅರ್ಧ ದಾರಿ ಆಗಲೇ ಸವೆದಿದೆ, ಉಳಿದ ಅರ್ಧ ನಡೆಸುವವರು ಇಲ್ಲ. ಮಾತು ಉಳಿದು ಲಿಪಿ ಹೋದರೆ ಮುಂದಿನ ತಲೆಮಾರಿಗೆ ಈ ಮಾಸಪತ್ರಿಕೆಯನ್ನು ಯಾರು ಓದುತ್ತಾರೆ ಎಂದು ನಾವು ಕೇಳಬೇಕಾಗಿ ಬಂದಿದೆ. ಅಂಥ ಹೊತ್ತಿನಲ್ಲಿ ಕನ್ನಡದ ಅಕ್ಷರ ಅವರ ಕೈಗೆ ಬರುವ ವರ್ಷದ ಒಂದೇ ಸಂದರ್ಭ ಈ ಸ್ಪರ್ಧೆಯಾಗಿದ್ದರೆ, ಅದನ್ನು ಗುಂಡಿ, ಎಲೆಗಳ ಲೆಕ್ಕಕ್ಕೆ ಸೇರಿಸಿ ಕಳೆಯಲು ನಾವು ಒಪ್ಪುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಕನ್ನಡ ತರಗತಿ ನಡೆಸುವ ಸಂಘಗಳು ಮೊದಲ ತಿಂಗಳಿನಿಂದಲೇ ಮಕ್ಕಳ ಕೈಗೆ ಅರ್ಧ ಇಂಚಿನ ಚಪ್ಪಟೆ ಕುಂಚ ಕೊಡಲಿ. ಕಾಪಿಪುಸ್ತಕದ ಬದಲು ಹಳೆಯ ಪತ್ರಿಕೆಯ ಹಾಳೆಯ ಮೇಲೆ ದೊಡ್ಡದಾಗಿ ಬರೆಯಲಿ. ಸಣ್ಣ ಅಕ್ಷರ ಬೇಸರ ತರಿಸುತ್ತದೆ, ಹಸ್ತದಷ್ಟು ದೊಡ್ಡ ಅಕ್ಷರ ಆಟವಾಗುತ್ತದೆ. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಬೋರ್ಡು ಬರೆಯುವ ಕಲಾವಿದರು ಊರಿನಲ್ಲಿಯೂ ಇದ್ದಾರೆ, ಈ ನಗರಗಳಲ್ಲಿಯೂ ಇದ್ದಾರೆ. ಅವರಲ್ಲಿ ಕನ್ನಡ ಬಲ್ಲವರನ್ನು ಹುಡುಕಿ ಎರಡು ದಿನದ ಶಿಬಿರಕ್ಕೆ ಕರೆಯಿಸಿ, ಪ್ರವಾಸ ಖರ್ಚಿನ ಜತೆ ಸಂಭಾವನೆಯನ್ನೂ ಗೌರವದಿಂದ ಕೊಡಲಿ. ಶಾಲು ಹೊದಿಸಿ ಹಾರ ಹಾಕಿ ಬರಿಗೈಯಲ್ಲಿ ಕಳಿಸುವ ನಮ್ಮ ಪದ್ಧತಿ ಈ ಬಾರಿ ಬೇಡ. ಸ್ಪರ್ಧೆಯ ನಿಯಮಕ್ಕೆ ಒಂದು ಸಾಲು ಸೇರಿಸಲಿ: ಚಿತ್ರದಲ್ಲಿ ಮಗು ತನ್ನ ಕೈಯಿಂದಲೇ ಬರೆದ ಒಂದು ಪೂರ್ತಿ ಕನ್ನಡ ವಾಕ್ಯ ಇರಬೇಕು, ತನ್ನದೇ ವಾಕ್ಯ. ಆಮೇಲೆ ಅದನ್ನು ಹರಿಯಲಿ, ತಲೆಕೆಳಗು ಮಾಡಲಿ, ಅರ್ಧ ಮುಚ್ಚಲಿ, ಅದು ಅದರ ಇಷ್ಟ. ತೀರ್ಪುಗಾರರು ಚಿತ್ರದ ಮುಂದೆ ಮಗುವನ್ನು ನಿಲ್ಲಿಸಿ ಓದಿಸಲಿ. ತಡವರಿಸಿ ಓದಿದರೂ ಅಂಕ ಕೊಡಲಿ. ಅಮ್ಮಂದಿರು ರಾತ್ರಿ ಕೂತು ಮಾಡಿಕೊಟ್ಟ ಚಿತ್ರಗಳ ಬಣ್ಣ ಆಗಲೇ ಬಯಲಾಗುತ್ತದೆ.

ಮುಂದಿನ ರಾಜ್ಯೋತ್ಸವದ ನಿಯಮಾವಳಿಗಳು ಬಹುತೇಕ ಸಂಘಗಳಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಅಚ್ಚಾಗುತ್ತವೆ. ಅದಕ್ಕೆ ಮೊದಲು ಕಾರ್ಯಕಾರಿ ಸಮಿತಿಗೆ ಒಂದು ಪತ್ರ ಹೋಗಲಿ. ಪತ್ರವನ್ನು ಮಕ್ಕಳ ಕೈಯಲ್ಲಿಯೇ ಬರೆಸಿ. ತಪ್ಪಿದ್ದರೆ ತಿದ್ದಬೇಡಿ, ಹಾಗೆಯೇ ಕಳಿಸಿ, ಸಮಿತಿಯವರು ಓದಲಿ.